ಪೇಸ್‌ಮೇಕರ್ ಜೊತೆ ಕೊಡೋ ಹೋಮ್ ಮಾನಿಟರ್ ಬಾಕ್ಸ್: ಮಷಿನ್ ಚೆನ್ನಾಗಿದೆ, ಕೊಟ್ಟಿದ್ದು ಚೆನ್ನಾಗಿಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಮಷಿನ್‌ಗೆ ಐದಕ್ಕೆ ನಾಲ್ಕೂವರೆ ಸ್ಟಾರ್, ಅದನ್ನ ಪೇಷಂಟ್ ಕೈಗೆ ಕೊಟ್ಟ ರೀತಿಗೆ ಒಂದೂವರೆ. ಎರಡನ್ನೂ ಸೇರ್ಸಿ ಮೂರು ಅಂತ ಕೊಟ್ರೆ ಎರಡಕ್ಕೂ ಅನ್ಯಾಯ. ಕಂಪನಿ ಹೆಸ್ರು ಬರೆಯಲ್ಲ. ಪೇಸ್‌ಮೇಕರ್ ಹಾಕಿಸ್ಕೊಂಡಿರೋ ಬೇರೆ ಮನೆಯೋರ ಹತ್ರ ಮಾತಾಡಿದಾಗ ಬೇರೆ ಬೇರೆ ಕಂಪನಿ ಬಾಕ್ಸ್ ಇಟ್ಕೊಂಡೋರೂ ಹೆಚ್ಚುಕಮ್ಮಿ ಇದೇ ಕತೆ ಹೇಳಿದ್ರು.

ಇದೇನು ಅಂತ ಗೊತ್ತಿಲ್ದೋರಿಗೆ ಸ್ವಲ್ಪ. ಕಾಲರ್ ಬೋನ್ ಕೆಳಗೆ ಚರ್ಮದಡಿ ಪೇಸ್‌ಮೇಕರ್ ಕೂರಿಸಿರ್ತಾರಲ್ಲ, ಅದು ಬರೀ ಹೃದಯಕ್ಕೆ ತಟ್ಟಿ ಎಬ್ಬಿಸೋ ಕೆಲಸ ಮಾಡ್ತಾ ಕೂತಿರಲ್ಲ, ಲೆಕ್ಕನೂ ಬರ್ಕೊಂಡಿರುತ್ತೆ. ಎಷ್ಟು ಸಲ ತಾನು ಪೇಸ್ ಮಾಡಿದೆ ಅಂದ್ರೆ ತಟ್ಟಿದೆ, ಬಡಿತ ಯಾವಾಗ ತಾಳ ತಪ್ಪಿತ್ತು, ಬ್ಯಾಟರಿ ಎಷ್ಟಿದೆ, ಹೃದಯದೊಳಗೆ ಹೋಗಿರೋ ವೈರು ಅಂದ್ರೆ ಲೀಡು ಸರಿ ಇದ್ಯಾ, ಎಲ್ಲಾ. ಈ ಬಾಕ್ಸನ್ನ ಮಂಚದ ಪಕ್ಕ ಇಟ್ರೆ, ಪೇಷಂಟ್ ಮಲಗಿದ್ದಾಗ ಸಾಮಾನ್ಯವಾಗಿ ನಡುರಾತ್ರಿ ಮೇಲೆ ಅದು ಆ ಲೆಕ್ಕನ ವೈರ್‌ಲೆಸ್ಸಾಗಿ ಓದ್ಕೊಂಡು ಮೊಬೈಲ್ ನೆಟ್‌ವರ್ಕ್ ಮೇಲೆ ಆಸ್ಪತ್ರೆಗೆ ಕಳ್ಸುತ್ತೆ. ಪೇಷಂಟ್ ಏನೂ ಒತ್ತಬೇಕಾಗಿಲ್ಲ. ಪ್ಲಗ್ ಹಾಕಿ, ಹಾಸಿಗೆಯಿಂದ ಎರಡು ಮೂರು ಮೀಟರ್ ಒಳಗಿಡಿ, ಅಷ್ಟೇ. ಸೆಟಪ್ ವಿಷಯದಲ್ಲಿ ಇದಕ್ಕಿಂತ ಸುಲಭವಾದ ಮೆಡಿಕಲ್ ಸಾಧನ ನಾನು ನೋಡಿಲ್ಲ.

ಆದ್ರೂ ನಮ್ ಮಾವ ಇದಕ್ಕೆ ಹೆದರಿದ್ರು. ಎಂಬತ್ತರ ಹತ್ರ ಬಂದ ಮನುಷ್ಯ, ಬಡಿತ ತೀರಾ ನಿಧಾನ ಆಗಿ ಕಣ್ಣು ಕತ್ಲೆ ಬಂದು ಬೀಳ್ತಿದ್ರು ಅಂತ ಪೇಸ್‌ಮೇಕರ್ ಹಾಕಿದ್ದು. ಆಪರೇಷನ್ ಟೇಬಲ್ ಮೇಲೆ ಪ್ರಜ್ಞೆ ಇದ್ದೂ ಡಾಕ್ಟ್ರ ಜೊತೆ ಮಾತಾಡ್ತಾ ಮಲಗಿದ್ದೋರು, ಮನೆಗೆ ಬಂದ್ಮೇಲೆ ಈ ಅಂಗೈ ಅಗಲದ ಬಾಕ್ಸ್ ಕಂಡ್ರೆ ಮಗ್ಗುಲು ಬದಲಿಸಿ ಮಲಗ್ತಿದ್ರು. ಮನೆಗೆ ಬಂದೋರೆಲ್ಲ ಹೇಳಿದ್ದು ಒಂದೇ ಮಾತು, ವಯಸ್ಸಾಯ್ತು, ಈ ಟೆಕ್ನಾಲಜಿ ಎಲ್ಲಾ ಅವರಿಗೆ ಅರ್ಥ ಆಗಲ್ಲ ಬಿಡಿ. ನಂಗೆ ಈ ಮಾತು ಕೇಳಿದ್ರೇನೆ ಮೈಯೆಲ್ಲಾ ಉರಿಯುತ್ತೆ. ಜೀವನಪೂರ್ತಿ ಲೇತ್ ಮಷಿನ್ ಮುಂದೆ ನಿಂತು ದುಡಿದೋರು ಅವರು, ಮಷಿನ್ ಶಬ್ದ ಕೇಳಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಿದ್ರು. ಅವರ ಭಯ ಮಷಿನ್ ಗೊತ್ತಿಲ್ದೋರ ಭಯ ಅಲ್ಲ, ಗೊತ್ತಿರೋರ ಭಯ. ಅವರು ನಂಬಿದ ಮಷಿನ್‌ಗಳಿಗೆಲ್ಲ ಒಂದು ಸ್ವಿಚ್ ಇತ್ತು, ಮೀಟರ್ ಮುಳ್ಳಿತ್ತು, ಕೆಟ್ರೆ ಶಬ್ದ ಬರ್ತಿತ್ತು. ಇದಕ್ಕೆ ಏನೂ ಇಲ್ಲ, ಒಂದು ದೀಪ ಬಿಟ್ರೆ.

ಅವರು ಕೇಳಿದ ಮೊದಲ್ನೇ ಪ್ರಶ್ನೆ: "ಏನಮ್ಮಾ, ಕರೆಂಟ್ ಹೋದ್ರೆ ನಾನೂ ಹೋಗ್ತೀನಾ?"

ನಗಬೇಡಿ. ಬಾಕ್ಸ್ ಗೋಡೆ ಪ್ಲಗ್‌ಗೆ ಹಾಕಿದೆ, ಅದು ಹೃದಯದ ಮಷಿನ್ ಜೊತೆ ಮಾತಾಡುತ್ತೆ ಅಂತ ಹೇಳಿದ್ದಾರೆ, ಹಾಗಿದ್ಮೇಲೆ ಹೃದಯ ನಡೆಸ್ತಿರೋದೂ ಇದೇನೇ ಅಂತ ಅಂದ್ಕೊಳ್ಳೋದ್ರಲ್ಲಿ ಏನು ತಪ್ಪು? ಅದೂ ಅಲ್ದೆ ಇದು ಒಂದು ಕಾಲದಲ್ಲಿ ನಿಜವಾಗ್ಲೂ ಇದ್ದ ಭಯ. 1950ರ ದಶಕದ ಪೇಸ್‌ಮೇಕರ್‌ಗಳು ಗೋಡೆ ಪ್ಲಗ್ ಮೇಲೇ ಓಡ್ತಿದ್ದ ದೊಡ್ಡ ಪೆಟ್ಟಿಗೆಗಳು, ಪೇಷಂಟ್ ಅದರ ವೈರು ಎಷ್ಟು ಉದ್ದವೋ ಅಷ್ಟು ದೂರ ಮಾತ್ರ ಓಡಾಡಬಹುದಿತ್ತು. 1957ರ ಅಕ್ಟೋಬರ್ 31ಕ್ಕೆ ಅಮೆರಿಕದ ಮಿನಿಯಾಪೋಲಿಸ್‌ನಲ್ಲಿ ದೊಡ್ಡ ಪವರ್ ಕಟ್ ಆಯ್ತು, ಆಮೇಲೆ ಅಲ್ಲಿನ ಹೃದಯ ಸರ್ಜನ್ ವಾಲ್ಟನ್ ಲಿಲ್ಲಿಹೈ, ಆಸ್ಪತ್ರೆ ಉಪಕರಣ ರಿಪೇರಿ ಮಾಡ್ತಿದ್ದ ಅರ್ಲ್ ಬ್ಯಾಕನ್ ಅನ್ನೋರನ್ನ ಕರೆದು ಇದಕ್ಕೊಂದು ದಾರಿ ಮಾಡಿ ಅಂದ್ರು, ಅವರು ಕೆಲವೇ ವಾರದಲ್ಲಿ ಟ್ರಾನ್ಸಿಸ್ಟರ್ ಹಾಕಿ ಬ್ಯಾಟರೀಲಿ ಓಡೋ, ಮೈಮೇಲೆ ಕಟ್ಕೊಳ್ಳೋ ಪೇಸ್‌ಮೇಕರ್ ಮಾಡಿಕೊಟ್ರು. ಅಂದ್ರೆ ಬ್ಯಾಟರಿ ಪೇಸ್‌ಮೇಕರ್ ಹುಟ್ಟಿದ್ದೇ ನಮ್ ಮಾವ ಕೇಳಿದ ಪ್ರಶ್ನೆಯಿಂದ. ಇದನ್ನ ಅವರಿಗೆ ಹೇಳಿದಾಗ ಮುಖ ನೋಡ್ಬೇಕಿತ್ತು, ದಡ್ಡ ಪ್ರಶ್ನೆ ಅಲ್ಲ ಅಂತ ಗೊತ್ತಾಗಿದ್ದೇ ದೊಡ್ಡ ಸಮಾಧಾನ.

ಈಗಿನ ಪೇಸ್‌ಮೇಕರ್ ತನ್ನದೇ ಬ್ಯಾಟರೀಲಿ ಓಡುತ್ತೆ, ಬಾಕ್ಸ್ ಪ್ಲಗ್ ಕಿತ್ತು ಅಟ್ಟಕ್ಕೆ ಹಾಕಿದ್ರೂ ಹೃದಯಕ್ಕೆ ಏನೂ ಆಗಲ್ಲ, ವರದಿ ಹೋಗಲ್ಲ ಅಷ್ಟೇ. ಇದನ್ನ ಡಿಸ್ಚಾರ್ಜ್ ದಿನ ಯಾರಾದ್ರೂ ಎರಡು ವಾಕ್ಯದಲ್ಲಿ ಹೇಳಿದ್ರೆ ಮುಗೀತಿತ್ತು. ಹೇಳ್ಲಿಲ್ಲ. ಬಾಕ್ಸ್ ಕೈಗಿಟ್ಟು, ಸೈನ್ ಹಾಕಿಸ್ಕೊಂಡು, "ಮನೇಲಿ ಪ್ಲಗ್ ಹಾಕಿ, ಯಾವತ್ತೂ ತೆಗೀಬೇಡಿ" ಅಂದ್ರು. ಯಾವತ್ತೂ ತೆಗೀಬೇಡಿ ಅಂದ್ರೆ ಹೃದಯದ ಪೇಷಂಟ್ ಏನಂತ ಅರ್ಥ ಮಾಡ್ಕೋಬೇಕು ಹೇಳಿ.

ಕೊನೆಗೆ ಮಾವನ ಭಯ ಇಳಿಸಿದ್ದು ಡಾಕ್ಟ್ರಲ್ಲ, ಮ್ಯಾನ್ಯುಯಲ್ ಅಲ್ಲ, ಫಾಲೋಅಪ್‌ಗೆ ಹೋದಾಗ ಡಿವೈಸ್ ಕ್ಲಿನಿಕ್‌ನಲ್ಲಿದ್ದ ಒಬ್ಬ ಟೆಕ್ನಿಷಿಯನ್. "ತಾತ, ಮನೆಗೆ ಮೀಟರ್ ರೀಡಿಂಗ್‌ಗೆ ಬರ್ತಾರಲ್ಲ, ಅವರು ನಂಬರ್ ಬರ್ಕೊಂಡು ಹೋಗ್ತಾರೆ, ಕರೆಂಟ್ ಕೊಡೋದು ಅವರಲ್ಲ, ಈ ಬಾಕ್ಸೂ ಅಷ್ಟೇ" ಅಂದ. ಮುಗೀತು. ಆವತ್ತಿಂದ ಮನೇಲಿ ಅದರ ಹೆಸ್ರೇ ರೀಡಿಂಗ್‌ನೋನು.

ಎರಡ್ನೇ ಭಯ ಇನ್ನೂ ಗಟ್ಟಿ: ಯಾರೋ ಎಲ್ಲೋ ಕೂತು ಇದನ್ನ ಆಫ್ ಮಾಡ್ಬಹುದಾ? ಇದಕ್ಕೆ "ಛೇ, ಹಂಗೆಲ್ಲ ಆಗಲ್ಲ" ಅಂತ ಹೇಳಿ ಕಳ್ಸೋದು ಸುಲಭ, ಆದ್ರೆ ಪ್ರಾಮಾಣಿಕ ಉತ್ತರ ಅದಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವರಿಗಿದ್ದ ಹೃದಯದ ಡಿವೈಸ್ ಬದಲಾಯಿಸೋವಾಗ 2007ರಲ್ಲಿ ಡಾಕ್ಟ್ರು ಅದರ ವೈರ್‌ಲೆಸ್ಸನ್ನೇ ಬಂದ್ ಮಾಡ್ಸಿದ್ರು, ಯಾರಾದ್ರೂ ಹ್ಯಾಕ್ ಮಾಡಿ ಕೊಲ್ಲಬಹುದು ಅನ್ನೋ ಅನುಮಾನಕ್ಕೆ. 2017ರಲ್ಲಿ ಅಲ್ಲಿನ ಔಷಧಿ, ಮೆಡಿಕಲ್ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಸೈಬರ್ ಸೆಕ್ಯುರಿಟಿ ದೋಷದ ಕಾರಣಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸ್ಬೇಕು ಅಂತ ತಿಳಿಸ್ತು. ಅಂದ್ರೆ ಪ್ರಶ್ನೆ ಕಾಲ್ಪನಿಕ ಅಲ್ಲ. ಆದ್ರೆ ಅದೇ ಘಟನೆಯ ಉಳಿದ ಭಾಗನೂ ಹೇಳ್ಬೇಕು: ಆ ದೋಷದಿಂದ ಯಾವ ಪೇಷಂಟ್‌ಗೂ ಹಾನಿ ಆದ ವರದಿ ಇರ್ಲಿಲ್ಲ, ಡಿವೈಸ್ ಕಿತ್ತು ಬೇರೆ ಹಾಕಿಸ್ಕೊಳ್ಳೋದು ಬೇಡ ಅಂತನೇ ಹೇಳಿದ್ರು, ಅಪ್‌ಡೇಟ್ ಮೂರು ನಿಮಿಷದ ಕೆಲಸ, ಅದೂ ಮನೇಲಿ ಬಾಕ್ಸ್ ಮೂಲಕ ಅಲ್ಲ, ಆಸ್ಪತ್ರೆಗೆ ಹೋಗಿ ಮಾಡಿಸ್ಕೊಳ್ಳೋದು. ನಮ್ ಮನೇಲಿರೋ ಬಾಕ್ಸ್ ಓದೋದಷ್ಟೇ, ಪೇಸಿಂಗ್ ಸೆಟ್ಟಿಂಗ್ ಬದಲಾಯಿಸ್ಬೇಕು ಅಂದ್ರೆ ಕ್ಲಿನಿಕ್‌ನಲ್ಲಿ ಎದುರಿಗೆ ಕೂರಿಸ್ಕೊಂಡು ಪ್ರೋಗ್ರಾಮರ್ ಅನ್ನೋ ಬೇರೆ ಮಷಿನ್‌ನಿಂದ ಮಾಡ್ತಾರೆ. ಎಲ್ಲಾ ಹೇಳಿದ್ಮೇಲೆ ಮಾವ "ಹಾಗಾದ್ರೆ ನನ್ನ ಕೊಂದು ಯಾರಿಗೇನು ಸಿಗುತ್ತೆ, ನಾನೇನು ಉಪಾಧ್ಯಕ್ಷನಾ" ಅಂದ್ರು. ಇರೋದನ್ನ ಇದ್ದಂಗೆ ಹೇಳಿದ್ರೆ ವಯಸ್ಸಾದೋರು ತಡ್ಕೋತಾರೆ, ಮುಚ್ಚಿಟ್ರೆ ಮಾತ್ರ ಇಲ್ಲದ್ದೆಲ್ಲ ಕಲ್ಪನೆ ಮಾಡ್ಕೋತಾರೆ.

ಅತ್ತೆಯ ಭಯ ಬ್ಯಾಟರೀದು. ಒಂದಿನ ಇದ್ದಕ್ಕಿದ್ದಂತೆ ಖಾಲಿ ಆಗ್ಬಿಟ್ರೆ? ಸಾಮಾನ್ಯವಾಗಿ 8ರಿಂದ 15 ವರ್ಷ ಬರುತ್ತೆ, ಅದಕ್ಕಿಂತ ಮುಖ್ಯ ವಿಷಯ ಅಂದ್ರೆ ಬದಲಾಯಿಸೋ ಟೈಮ್ ಬಂತು ಅನ್ನೋ ಸೂಚನೆ ಕೊಟ್ಟ ಮೇಲೂ ಸುಮಾರು ಮೂರು ತಿಂಗಳು ಓಡೋ ಹಂಗೇ ಅದನ್ನ ಮಾಡಿರ್ತಾರೆ. ಈ ಬಾಕ್ಸ್ ಇದ್ರೆ ಆ ಸೂಚನೆ ಮುಂದಿನ ಚೆಕಪ್‌ವರೆಗೆ ಕಾಯದೆ ತಾನೇ ಆಸ್ಪತ್ರೆಗೆ ಮುಟ್ಟುತ್ತೆ. ಜಗತ್ತಿನಲ್ಲಿ ಮೊದಲು ಮೈಯೊಳಗೆ ಪೇಸ್‌ಮೇಕರ್ ಹಾಕಿಸ್ಕೊಂಡ ಅರ್ನೆ ಲಾರ್ಸನ್ ಅನ್ನೋ ಸ್ವೀಡನ್‌ನೋರಿಗೆ 1958ರ ಅಕ್ಟೋಬರ್ 8ರಂದು ಹಾಕಿದ ಮೊದಲ್ನೇ ಮಷಿನ್ ಕೆಲವು ಗಂಟೆಗೇ ಕೆಟ್ಟಿತ್ತು. ಆಮೇಲೆ ಜೀವನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸ್ಕೊಂಡು 2001ರವರೆಗೆ, 86 ವರ್ಷ ಬದುಕಿದ್ರು, ಆಪರೇಷನ್ ಮಾಡಿದ ಸರ್ಜನ್‌ಗಿಂತ, ಮಷಿನ್ ಮಾಡಿಕೊಟ್ಟ ಇಂಜಿನಿಯರ್‌ಗಿಂತ ಜಾಸ್ತಿ ದಿನ. ತೀರ್ಕೊಂಡಿದ್ದೂ ಹೃದಯದಿಂದಲ್ಲ, ಕ್ಯಾನ್ಸರ್‌ನಿಂದ. ಅತ್ತೆಗೆ ಈ ಕತೆ ಎಷ್ಟು ಇಷ್ಟ ಆಯ್ತು ಅಂದ್ರೆ ಈಗ ಬಂದೋರಿಗೆಲ್ಲ ಅವರೇ ಹೇಳ್ತಾರೆ, ಸಂಖ್ಯೆ ಸ್ವಲ್ಪ ಜಾಸ್ತಿ ಮಾಡಿ.

ಈಗ ಮಷಿನ್ ದೂರು. ಆ ದೀಪ. ಹಸಿರಿದ್ರೆ ಸರಿ. ನೆಟ್‌ವರ್ಕ್ ಸಿಗದಿದ್ರೆ ಕಿತ್ತಳೆ ಬಣ್ಣದಲ್ಲಿ ಮಿಣಮಿಣ ಅನ್ನುತ್ತೆ. ಮಲಗೋ ಕೋಣೇಲಿ, ಕತ್ಲಲ್ಲಿ, ಹೃದಯದ ಆಪರೇಷನ್ ಆದೋರ ತಲೆ ಪಕ್ಕ, ಬರೀ ಸಿಗ್ನಲ್ ಇಲ್ಲ ಅನ್ನೋದಕ್ಕೆ ಎಚ್ಚರಿಕೆ ದೀಪ ಮಿಣುಕಿಸೋ ಐಡಿಯಾ ಯಾರದ್ದೋ ಅವರನ್ನ ಒಂದ್ಸಲ ನೋಡ್ಬೇಕು ಅನ್ನಿಸುತ್ತೆ ನಂಗೆ. ಮಾವ ಅದನ್ನ ನೋಡಿ ನಾಡಿ ಹಿಡ್ಕೊಂಡು ಕೂತಿರ್ತಿದ್ರು, ಹಂಗೆ ಕೂತ್ರೆ ಯಾರಿಗಾದ್ರೂ ಬಡಿತ ಜಾಸ್ತಿ ಆಗುತ್ತೆ, ಜಾಸ್ತಿ ಆಗಿದ್ದು ನೋಡಿ ಇನ್ನೂ ಭಯ. ದೀಪ ಬಾಕ್ಸ್ ಬಗ್ಗೆ ಹೇಳ್ತಿದೆ, ಹೃದಯದ ಬಗ್ಗೆ ಅಲ್ಲ, ಇಷ್ಟನ್ನ ದೊಡ್ಡಕ್ಷರದಲ್ಲಿ ಬಾಕ್ಸ್ ಮೇಲೇ ಅಂಟಿಸೋಕೆ ಏನು ಕಷ್ಟ? ಮ್ಯಾನ್ಯುಯಲ್‌ನಲ್ಲಿದೆ, ಕನ್ನಡಕ ಹಾಕ್ಕೊಂಡ್ರೂ ನಂಗೇ ಓದೋಕಾಗದಷ್ಟು ಸಣ್ಣ ಅಕ್ಷರದಲ್ಲಿ. ಈಗ ನಾವು ಬಾಕ್ಸನ್ನ ಮಂಚದ ತಲೆಕಡೆ, ಅವರ ಕಣ್ಣಿಗೆ ಬೀಳದ ಹಂಗೆ ಸ್ಟೂಲ್ ಮೇಲೆ ತಿರುಗಿಸಿ ಇಟ್ಟಿದೀವಿ, ದೂರ ಅಷ್ಟೇ ಇದೆ, ವರದಿ ಹೋಗ್ತಿದೆ, ನಿದ್ದೆನೂ ಬರ್ತಿದೆ. ಇಂಥ ಬಾಕ್ಸ್ ಇರೋ ಪ್ರತಿಯೊಬ್ರಿಗೂ ಇದನ್ನೇ ಮಾಡಿ ಅಂತೀನಿ.

ಸರ್ವಿಸ್ ಬಗ್ಗೆ ಜಾಸ್ತಿ ಬರೀಬೇಕು, ಯಾಕಂದ್ರೆ ಇಲ್ಲೇ ನಿಜವಾದ ಗೊಂದಲ. ಮೊದಮೊದಲು ಭಯ, ಆಮೇಲೆ ಒಂದು ಹಂತದಲ್ಲಿ ಮಾವ ಪೂರ್ತಿ ಉಲ್ಟಾ ಆದ್ರು: ಇದಿದ್ರೆ ಡಾಕ್ಟ್ರು ಇಪ್ಪತ್ನಾಲ್ಕು ಗಂಟೆನೂ ನನ್ನ ಹೃದಯ ನೋಡ್ತಾ ಕೂತಿರ್ತಾರೆ ಅಂತ. ಇದು ಭಯಕ್ಕಿಂತ ಅಪಾಯ. ಒಂದಿನ ತಲೆ ಸುತ್ತಿದ್ರೂ ಹೇಳದೆ ಸುಮ್ನಿದ್ರು, "ಅವರಿಗೆ ಗೊತ್ತಾಗಿರುತ್ತಲ್ಲ, ಫೋನ್ ಬರುತ್ತೆ" ಅಂತ. ಬರಲ್ಲ. ಇದು ಎಮರ್ಜೆನ್ಸಿ ಸರ್ವಿಸ್ ಅಲ್ಲವೇ ಅಲ್ಲ. ಅಲರ್ಟ್ ಹೋಗುತ್ತೆ, ಆದ್ರೆ ಅದನ್ನ ಕ್ಲಿನಿಕ್‌ನೋರು ನೋಡೋದು ಸಾಮಾನ್ಯವಾಗಿ ಕೆಲಸದ ಟೈಮ್‌ನಲ್ಲಿ, ರಾತ್ರಿ ಬಂದಿದ್ದು ಬೆಳಗ್ಗೆ, ರಜೆಯಲ್ಲಿ ಬಂದಿದ್ದು ರಜೆ ಮುಗಿದ್ಮೇಲೆ. ಎದೆ ನೋವು ಬಂದ್ರೆ, ಉಸಿರು ಕಟ್ಟಿದ್ರೆ, ಪ್ರಜ್ಞೆ ತಪ್ಪಿದ್ರೆ ಬಾಕ್ಸ್ ಕಡೆ ನೋಡ್ದೆ ಆಂಬುಲೆನ್ಸ್‌ಗೆ ಫೋನ್ ಮಾಡ್ಬೇಕು. ಈ ಮಾತನ್ನ ನಮಗೆ ಯಾರೂ ತಾವಾಗೇ ಹೇಳ್ಲಿಲ್ಲ, ನಾನು ಕೇಳಿ ಕೇಳಿ ಹೊರಗೆ ತೆಗ್ಸಿದ್ದು. ಸ್ಟಾರ್ ಕಡಿಮೆ ಆಗಿದ್ದು ಮುಖ್ಯವಾಗಿ ಇದಕ್ಕೇ.

ನೋಡೋರು ಯಾರು ಅನ್ನೋದ್ರ ಮೇಲೇ ಇದರ ಉಪಯೋಗ ನಿಂತಿದೆ ಅನ್ನೋದಕ್ಕೆ ಎರಡು ಅಧ್ಯಯನ ಹೇಳ್ತೀನಿ. ಎರಡರಲ್ಲೂ ಇದ್ದಿದ್ದು ನಮ್ ಮಾವನಂಥ ಬರೀ ಪೇಸ್‌ಮೇಕರ್‌ನೋರಲ್ಲ, ಹಾರ್ಟ್ ಫೇಲ್ಯೂರ್ ಅಂದ್ರೆ ಹೃದಯ ರಕ್ತ ಪಂಪ್ ಮಾಡೋ ಶಕ್ತಿ ಕುಗ್ಗಿದೋರು, ಹೆಚ್ಚಿನೋರಿಗೆ ಬಡಿತ ತೀರಾ ಕೆಟ್ರೆ ಶಾಕ್ ಕೊಡೋ ಇನ್ನೂ ದೊಡ್ಡ ಡಿವೈಸ್, ಅದು ನೆನಪಿರಲಿ. 2014ರಲ್ಲಿ ಬಂದ ಇನ್-ಟೈಮ್ ಅನ್ನೋ ಅಧ್ಯಯನದಲ್ಲಿ 664 ಪೇಷಂಟ್‌ಗಳನ್ನ ಎರಡು ಗುಂಪು ಮಾಡಿದ್ರು, ಒಂದು ಗುಂಪಿನ ಡೇಟಾ ದಿನಾ ಹೋಗ್ತಿತ್ತು, ಅದನ್ನ ನೋಡಿ ಆಸ್ಪತ್ರೆಗೆ ಎಚ್ಚರಿಸೋಕೆ ಒಂದು ಸೆಂಟರೇ ಇತ್ತು, ಏನಾದ್ರೂ ಬದಲಾವಣೆ ಕಂಡ್ರೆ ಪೇಷಂಟ್‌ಗೆ ಫೋನ್ ಮಾಡಿ ವಿಚಾರಿಸೋರು. ಒಂದು ವರ್ಷದಲ್ಲಿ ಮಾಮೂಲಿ ಚೆಕಪ್‌ನ ಗುಂಪಲ್ಲಿ ಸಾವು 8.7 ಪರ್ಸೆಂಟ್, ಈ ಗುಂಪಲ್ಲಿ 3.4. ಆದ್ರೆ 2017ರ ರೆಮ್-ಎಚ್‌ಎಫ್ ಅನ್ನೋ ಬ್ರಿಟನ್‌ನ ಅಧ್ಯಯನದಲ್ಲಿ 1650 ಜನ, ವಾರಕ್ಕೊಮ್ಮೆ ಡೇಟಾ, ಏನೂ ವ್ಯತ್ಯಾಸ ಕಾಣ್ಲಿಲ್ಲ. ನಾನು ಡಾಕ್ಟ್ರಲ್ಲ, ನನ್ನ ಓದಿನ ಪ್ರಕಾರ ಬಾಕ್ಸ್ ಇಟ್ಟ ಮಾತ್ರಕ್ಕೆ ಏನೂ ಆಗಲ್ಲ, ಆ ಕಡೆ ಫೋನ್ ಎತ್ಕೊಳ್ಳೋ ಮನುಷ್ಯ ಬೇಕು.

ನಮಗೆ ಆಗಿರೋ ನೇರ ಲಾಭ ಆಸ್ಪತ್ರೆ ಓಡಾಟ ಕಡಿಮೆ ಆಗಿರೋದು. ಡೇಟಾ ನಿಲ್ದೆ ಹೋಗ್ತಿದ್ರೆ, ಬೇರೆ ತೊಂದ್ರೆ ಇಲ್ದಿದ್ರೆ, ಡಿವೈಸ್ ಚೆಕ್‌ಗೆ ಎದುರಿಗೆ ಬರೋದನ್ನ 24 ತಿಂಗಳವರೆಗೂ ಮುಂದೆ ಹಾಕ್ಬಹುದು ಅಂತ ಹಾರ್ಟ್ ರಿದಮ್ ತಜ್ಞರ ಅಂತಾರಾಷ್ಟ್ರೀಯ ಸಂಘಗಳು ಸೇರಿ 2023ರಲ್ಲಿ ಹೇಳಿದಾರೆ. ನಿಮ್ಮ ಡಾಕ್ಟ್ರು ಏನಂತಾರೋ ಅದೇ ಕೊನೆ ಮಾತು, ಆದ್ರೆ ಮೆಟ್ಟಿಲು ಹತ್ತೋಕೆ ಕಷ್ಟ ಪಡೋರಿಗೆ ಇದು ಸಣ್ಣ ವಿಷಯ ಅಲ್ಲ. ಅಂದಹಾಗೆ ದೂರದಿಂದ ಹೃದಯ ನೋಡೋದು ಹೊಸ ಹುಚ್ಚು ಅನ್ನೋರಿಗೆ: ಇಸಿಜಿ ಮಷಿನ್ ಕಂಡುಹಿಡಿದ ಐಂಥೋವನ್ 1905ರಲ್ಲೇ ಆಸ್ಪತ್ರೇಲಿದ್ದ ಪೇಷಂಟ್‌ಗಳ ಇಸಿಜಿಯನ್ನ ಒಂದೂವರೆ ಕಿಲೋಮೀಟರ್ ದೂರದ ತನ್ನ ಲ್ಯಾಬ್‌ಗೆ ಟೆಲಿಫೋನ್ ತಂತಿ ಮೇಲೆ ತರಿಸ್ಕೊಂಡಿದ್ರು, ಯಾಕಂದ್ರೆ ಮಷಿನ್ ಎತ್ಕೊಂಡು ಹೋಗೋ ಹಂಗೇ ಇರ್ಲಿಲ್ಲ, ಸುಮಾರು 270 ಕೆಜಿ.

ಬಾಕ್ಸ್ ಬೇಡ, ಇಸಿಜಿ ತೆಗೆಯೋ ಸ್ಮಾರ್ಟ್‌ವಾಚ್ ಸಾಕು ಅನ್ನೋರು ತುಂಬ ಜನ. ನಮ್ ಮನೇಲೂ ಮೈದುನ ಪ್ರೀತಿಯಿಂದ ಒಂದು ತಂದು ಮಾವನ ಕೈಗೆ ಕಟ್ಟಿದ್ರು. ಅದಕ್ಕೂ ಇದಕ್ಕೂ ಹೋಲಿಕೆನೇ ಇಲ್ಲ. ಬಾಕ್ಸ್ ತನ್ನ ಲೆಕ್ಕನ ಡಾಕ್ಟ್ರಿಗೆ ಹೇಳುತ್ತೆ, ವಾಚು ಪೇಷಂಟ್‌ಗೇ ಹೇಳುತ್ತೆ, ಅದೂ ಅರ್ಧಂಬರ್ಧ. ಮೂವತ್ತು ಸೆಕೆಂಡು ಬೆರಳಿಟ್ರೆ ಒಂದೇ ಕೋನದಿಂದ ನೋಡಿದ ಇಸಿಜಿ, ಸುಮಾರು ಸಲ "ಫಲಿತಾಂಶ ಸ್ಪಷ್ಟವಿಲ್ಲ" ಅಂತ ಬರುತ್ತೆ, ಹೃದಯದ ಪೇಷಂಟ್‌ಗೆ ಇದಕ್ಕಿಂತ ಕೆಟ್ಟ ವಾಕ್ಯ ಇನ್ನೊಂದಿಲ್ಲ. ಹಾರ್ಟ್ ಅಟ್ಯಾಕ್ ಕಂಡುಹಿಡಿಯೋಕೆ ತನಗೆ ಬರಲ್ಲ ಅಂತ ವಾಚೇ ಒಪ್ಕೊಳ್ಳುತ್ತೆ, ಆದ್ರೆ ತಗೊಂಡೋರೆಲ್ಲ ಅದಕ್ಕೇ ಅಂತ ತಗೊಂಡಿರ್ತಾರೆ. ಏಟ್ರಿಯಲ್ ಫಿಬ್ರಿಲೇಷನ್ ಅಂದ್ರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯೋ ಕಾಯಿಲೆ ಇದ್ದ 70 ವರ್ಷದ ಒಬ್ಬ ಮಹಿಳೆ ಒಂದು ವರ್ಷದಲ್ಲಿ ವಾಚಲ್ಲಿ 916 ಇಸಿಜಿ ತೆಗ್ಕೊಂಡು, ಹೆದರಿ ಹಲವು ಸಲ ಆಸ್ಪತ್ರೆಗೆ ಅಲೆದ ಕೇಸನ್ನ 2020ರಲ್ಲಿ ವೈದ್ಯಕೀಯ ಪತ್ರಿಕೇಲೇ ವರದಿ ಮಾಡಿದಾರೆ. ನಮ್ ಮಾವ ಅಷ್ಟು ದೂರ ಹೋಗೋ ಮುಂಚೆ ಅತ್ತೆನೇ ವಾಚ್ ಬಿಚ್ಚಿ ಮೊಮ್ಮಗನಿಗೆ ಕೊಟ್ರು. ಇನ್ನೂ ತಾಳ ತಪ್ಪೋದು ಪತ್ತೆ ಆಗದೇ ಇರೋರಿಗೆ ವಾಚು ಉಪಯೋಗಕ್ಕೆ ಬರುತ್ತೆ, ಅದನ್ನ ತಳ್ಳಿಹಾಕಲ್ಲ. ಆದ್ರೆ ಈಗಾಗ್ಲೇ ಮೈಯೊಳಗೇ ಕೂತು ಲೆಕ್ಕ ಬರೆಯೋ ಮಷಿನ್ ಇರೋ ಮನುಷ್ಯನಿಗೆ ಕೈಮೇಲೆ ಇನ್ನೊಂದು ಯಾಕೆ?

ಮನೆ ಬಿಪಿ ಮಷಿನ್ ಮಾತ್ರ ಇಟ್ಕೊಂಡಿದೀವಿ, ಅದಕ್ಕೆ ನಿಯಮ ಹಾಕಿ: ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ನೆ ಕೂತು, ಕಾಲು ನೆಲಕ್ಕೆ, ಕೈ ಎದೆಮಟ್ಟಕ್ಕೆ, ಮಾತಿಲ್ಲದೆ, ಒಂದು ನಿಮಿಷ ಬಿಟ್ಟು ಎರಡು ಸಲ, ಬರ್ದಿಟ್ಟು ಮಷಿನ್ ಒಳಗೆ. ಜಾಸ್ತಿ ಬಂತು ಅಂತ ಮತ್ತೆ ಮತ್ತೆ ನೋಡೋದು ಬಂದ್.

ಈಗ ಹೊಸ ಪೇಸ್‌ಮೇಕರ್‌ಗಳಿಗೆ ಬಾಕ್ಸ್ ಬದ್ಲು ಫೋನ್ ಆಪ್ ಕೊಡ್ತಿದಾರೆ, ಬ್ಲೂಟೂತ್ ಮೇಲೆ. ಆಯ್ಕೆ ಇದ್ರೆ ವಯಸ್ಸಾದೋರಿಗೆ ಬಾಕ್ಸೇ ಕೇಳಿ ಅಂತೀನಿ. ಆಪ್ ಅಂದ್ರೆ ಅಪ್‌ಡೇಟ್, ಪಾಸ್‌ವರ್ಡ್, ಬ್ಲೂಟೂತ್ ಆಫ್ ಆಗಿದ್ದು, ಫೋನ್ ಬದಲಾಯಿಸಿದ್ದು, ಎಲ್ಲಾ ತಲೆನೋವು, ಜೊತೆಗೆ ಫೋನನ್ನ ಎದೆ ಜೇಬಲ್ಲಿ ಇಟ್ಕೊಳ್ಳೋ ಅಭ್ಯಾಸ. ಮ್ಯಾಗ್ನೆಟ್ ಇರೋ ಫೋನು, ಇಯರ್‌ಫೋನ್ ಕೇಸು ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್ ದೂರ ಇರ್ಬೇಕು, ಹತ್ರ ಬಂದ್ರೆ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತ ನೋಡ್ದೆ ಒಂದೇ ಲಯದಲ್ಲಿ ತಟ್ಟೋ ಮೋಡ್‌ಗೆ ಹೋಗ್ಬಹುದು, ದೂರ ಇಟ್ರೆ ಸರಿ ಹೋಗುತ್ತೆ. ಹೆದರಬೇಕಾಗಿಲ್ಲ, ಪ್ಯಾಂಟ್ ಜೇಬಿಗೆ ಹಾಕ್ಕೊಂಡ್ರೆ ಆಯ್ತು.

ಬಾಕ್ಸ್ ತಗೋಬೇಕಾ ಅಂದ್ರೆ ತಗೊಳ್ಳಿ. ಸೈನ್ ಹಾಕೋ ಮುಂಚೆ ಪೇಷಂಟ್ ಎದುರಿಗೇ, ಅವರಿಗೆ ಕೇಳೋ ಹಂಗೆ, ಕ್ಲಿನಿಕ್‌ನೋರನ್ನ ಕೇಳಿ: ಅಲರ್ಟ್ ಬಂದ್ರೆ ಯಾರು ನೋಡ್ತಾರೆ, ಎಷ್ಟು ಹೊತ್ತಿಗೆ, ನಮಗೆ ಯಾವ ನಂಬರ್‌ನಿಂದ ಫೋನ್ ಬರುತ್ತೆ, ದೀಪ ಬಣ್ಣ ಬದಲಾದ್ರೆ ಯಾರಿಗೆ ಹೇಳ್ಬೇಕು, ಊರಿಗೆ ಹೋದಾಗ ಬಾಕ್ಸ್ ಒಯ್ಯಬೇಕಾ. ಉತ್ತರ ಬರ್ಕೊಂಡು ಬಾಕ್ಸ್ ಹಿಂದೆ ದಪ್ಪ ಪೆನ್ನಲ್ಲಿ ಬರೆದು ಅಂಟಿಸಿ. ನಮಗೆ ಉತ್ತರ ಸಿಕ್ಕಿದ್ದು ತುಂಬ ತಡವಾಗಿ, ಅದೂ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಕ್ಲಿನಿಕ್ ಕೇಳಿ ಅಂತ, ಕ್ಲಿನಿಕ್‌ಗೆ ಮಾಡಿದ್ರೆ ಕಸ್ಟಮರ್ ಕೇರ್ ಕೇಳಿ ಅಂತ ಅಲೆದಾಡಿಸಿದ್ಮೇಲೆ. ಅವರು ಇದನ್ನ ಸರಿ ಮಾಡಿದ ದಿನ ಆ ಒಂದೂವರೆ ಸ್ಟಾರನ್ನ ತಿದ್ದಿ ನಾಲ್ಕು ಮಾಡ್ತೀನಿ.